ನನ್ನ ವಿಳಾಸದಲ್ಲಿ ಇನ್ನೊಬ್ಬರು

ನನ್ನ ಮನೆಯಲ್ಲಿ ಇರುವುದು ನಾನೊಬ್ಬಳೇ. ಆದರೆ ಸರ್ಕಾರದ ಕಾಗದದ ಪ್ರಕಾರ ನಾವು ಇಬ್ಬರು. ಆ ಇನ್ನೊಬ್ಬಳು ಒಂದು ದಿನವೂ ಈ ಮನೆಯೊಳಗೆ ಕಾಲಿಟ್ಟಿಲ್ಲ. ಅವಳ ಹೆಸರಿಗೆ ಏನಾದರೂ ಬಂದಾಗ ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು, "ಅಜ್ಜಿ ಇಲ್ಲೇನ್ರಿ?" ಎಂದು ಕೇಳುತ್ತಾನೆ. "ಊರಿಗೆ ಹೋಗ್ಯಾಳ್ರಿ" ಎನ್ನುತ್ತೇನೆ. ಯಾವ ಊರಿಗೆ ಎಂದು ಅವನು ಕೇಳುವುದಿಲ್ಲ. ನನಗೂ ಗೊತ್ತಿಲ್ಲ.

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಹಳೆಯ ಎರಡಂತಸ್ತಿನ ಕಟ್ಟಡದಲ್ಲಿ, ವಸತಿರಹಿತರ ಆಶ್ರಯ ಕೇಂದ್ರವಿದೆ. ಕೆಳಗೆ ಗಂಡಸರು, ಮೇಲೆ ಹೆಂಗಸರು. ಕಟ್ಟಡ ನಗರಸಭೆಯದು, ದುಡ್ಡು ಮೇಲಿನಿಂದ ನಗರಸಭೆಗೆ ಬರುವುದು, ನಡೆಸುವ ಗುತ್ತಿಗೆ ಒಂದು ಸಂಸ್ಥೆಗೆ, ಆ ಸಂಸ್ಥೆ ಸಂಬಳಕ್ಕೆ ಇಟ್ಟುಕೊಂಡ ವ್ಯವಸ್ಥಾಪಕಿ ನಾನು. ನಡುವೆ ಇಷ್ಟು ಜನ ಇರುವುದರಿಂದ ಒಂದು ಬಲ್ಬು ಹೋದರೆ ಯಾರನ್ನು ಕೇಳಬೇಕು ಎಂದು ತಿಳಿದುಕೊಳ್ಳುವುದೇ ಮೂರು ದಿನದ ಕೆಲಸ. ನಾಲ್ಕನೇ ದಿನ ನಾನೇ ಅಂಗಡಿಗೆ ಹೋಗಿ ತಂದು ಹಾಕುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಂಥ ಕೆಲಸದಲ್ಲಿ ಅದು ಇನ್ನೆಲ್ಲಿರಬೇಕು?

ಅನುದಾನ ಕಂತಿನಲ್ಲಿ ಬರುತ್ತಿತ್ತು. ಹಿಂದಿನ ಕಂತು ಸರಿಯಾಗಿ ಖರ್ಚಾಗಿದೆ ಎಂದು ಕಾಗದ ಹೋದ ಮೇಲೆ ಮುಂದಿನದು. ಆ ಕಾಗದಕ್ಕೆ ರುಜು ಬೀಳಬೇಕಾದರೆ ಉಸ್ತುವಾರಿ ಸಮಿತಿಯವರು ಬಂದು ನೋಡಬೇಕು. ಅವರು ಬರುವುದು ಯಾವಾಗಲೂ ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ನಮ್ಮಲ್ಲಿ ಯಾರಿರುತ್ತಾರೆ? ಹಮಾಲಿಗೆ ಹೋಗುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಹಂಪಿಯಲ್ಲಿ ಎಳನೀರು ಮಾರುವವರು, ಎಲ್ಲರೂ ಏಳಕ್ಕೇ ಖಾಲಿ. ಮೊದಲ ಸಲ ಬಂದವರು ಖಾಲಿ ಮಂಚಗಳನ್ನು ನೋಡಿ, "ಜನರೇ ಇಲ್ಲವಲ್ಲ ಮೇಡಂ, ಇದಕ್ಕೆ ಅನುದಾನ ಯಾಕೆ ಬೇಕು?" ಎಂದು ಬರೆದುಕೊಂಡು ಹೋದರು. ಆ ಸಲದ ಕಂತು ಎಷ್ಟು ತಡವಾಯಿತೆಂದರೆ, ಗ್ಯಾಸ್ ಮುಗಿದು ಒಂದು ವಾರ ಎಲ್ಲರೂ ಮಂಡಕ್ಕಿ ತಿಂದು ಮಲಗಿದರು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಸಮಿತಿ ಬರುವ ದಿನ ಎಲ್ಲರೂ ಕೂಲಿ ಬಿಟ್ಟು ಮಂಚದ ಮೇಲೆ ಕೂರಬೇಕು. ಬೀರುವಿನಿಂದ ಹೊಸ ಚಾದರಗಳನ್ನು ತೆಗೆದು ಹಾಸಬೇಕು. ಅವರು ಹೋದ ಮೇಲೆ ಮಡಿಚಿ ಮತ್ತೆ ಬೀರುವಿನಲ್ಲಿಡಬೇಕು. ಅವಕ್ಕೆ 'ವಿಸಿಟ್ ಚಾದರ' ಎಂದೇ ಹೆಸರು. ನಾಲ್ಕು ವರ್ಷವಾದರೂ ಅಂಗಡಿಯ ಮಡಿಕೆ ಮಾಸಿರಲಿಲ್ಲ. ನಾಚಿಕೆಯ ಸಂಗತಿ, ಹೌದು. ಆ ಪದ್ಧತಿ ತಂದವಳೂ ನಾನೇ.

ಅಜ್ಜಿ ಬಂದದ್ದು ಅಂಥದೇ ಒಂದು ದಿನ. ಬಸ್ ಸ್ಟ್ಯಾಂಡಿನ ಕಸ ಗುಡಿಸುವ ಹೆಂಗಸು ಅವಳನ್ನು ಕರೆತಂದಿದ್ದಳು. ಹನ್ನೆರಡನೇ ನಂಬರಿನ ಪ್ಲಾಟ್‌ಫಾರಂ ಬಳಿ ಎರಡು ವಾರದಿಂದ ಮಲಗುತ್ತಿದ್ದಳಂತೆ. ಕೈಯಲ್ಲಿ ಒಂದು ಸಿಮೆಂಟ್ ಚೀಲದ ಕೈಚೀಲ, ಸೊಂಟದಲ್ಲಿ ಎಲೆಯಡಿಕೆ ಸಂಚಿ. "ಸಾಹೇಬ್ರು ಬರೋ ಹೊತ್ತಾತು" ಎನ್ನುತ್ತ ನಾನು ಅವಸರದಲ್ಲಿ ಚಾದರ ಹಾಸುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಸಾಹೇಬ್ರು ಇಲ್ಲೇ ಮಕ್ಕೊಂತಾರೇನವ್ವ?"

"ಇಲ್ಲಬೇ, ನೋಡ್ಕೊಂಡು ಹೋಗ್ತಾರ."

"ಮತ್ತ ಅವ್ರಿಗ್ಯಾಕ ಹಾಸ್ತಿ?"

ನಾನು ಚಾದರದ ತುದಿ ಮಡಿಚಿ ಸಿಕ್ಕಿಸಿದೆ. ಕಿಟಕಿಯ ಪಕ್ಕದ ಮಂಚ ತೋರಿಸಿ, "ಅಲ್ಲಿ ಕುಂದ್ರು, ಯಾರಾರ ಕೇಳಿದ್ರ ಆರು ತಿಂಗಳಾತು ಅನ್ನು" ಎಂದೆ. ಸಮಿತಿಯವರು ಬಂದು ಕೇಳಿದಾಗ ಅವಳು, "ಈಗ ಬಂದೀನ್ರಿ, ಈ ಯವ್ವ ಆರು ತಿಂಗಳು ಅನ್ನು ಅಂದಾಳ" ಎಂದುಬಿಟ್ಟಳು. ಅವರು ನಕ್ಕರು. ನನಗೆ ನೆಲ ಬಿರಿಯಬಾರದೇ ಅನಿಸಿತು. ಆ ಸಲ ಹೇಗೋ ಕಂತು ಬಂತು.

ಅಜ್ಜಿ ಸಂಡೂರು ತಾಲ್ಲೂಕಿನ ವಡ್ಡು ಎಂಬ ಹಳ್ಳಿಯ ಕಡೆಯವಳು. ಅದಿರು ಕೈಯಲ್ಲಿ ಒಡೆದು ಆರಿಸುತ್ತಿದ್ದ ಕಾಲದಲ್ಲಿ ಗಂಡನ ಜೊತೆ ಗಣಿಯಲ್ಲಿ ದುಡಿದಿದ್ದಳು. ಕಲ್ಲನ್ನು ಒಮ್ಮೆ ಅಂಗೈಯಲ್ಲಿ ತೂಗಿದರೆ ಸಾಕು, ಅದಿರೋ ಬರೀ ಕಲ್ಲೋ ಎಂದು ಹೇಳುತ್ತಿದ್ದೆ ಅನ್ನುವಳು. ಗಂಡ ಎದೆನೋವಿನಲ್ಲಿ ಹೋದ. ಯಂತ್ರ ಬಂತು, ಆಮೇಲೆ ಗಣಿಯೇ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಇವಳು ಬೇಕಾಗಲಿಲ್ಲ. ಕಂಪ್ಲಿ ಕಡೆ ಭತ್ತದ ನಾಟಿಗೆ ಹೋದಳು, ಎಮ್ಮಿಗನೂರಿನಲ್ಲಿ ಕಬ್ಬಿನ ಕಳೆ ತೆಗೆದಳು. ಬೆನ್ನು ಗೂನಾಗಿ ಹೊಲದಲ್ಲಿ ದುಡಿಯಲಾಗದ ಮೇಲೆ ಹಂಪಿಯ ಒಂದು ಖಾನಾವಳಿಯಲ್ಲಿ ಪಾತ್ರೆ ತೊಳೆದುಕೊಂಡು ಅದರ ಹಿತ್ತಲಲ್ಲೇ ಇದ್ದಳು. ಖಾನಾವಳಿ ಮುಚ್ಚಿತು. ಮಕ್ಕಳಿದ್ದರೇ ಎಂದು ನಾನು ಕೇಳಿದ್ದೆ. "ಆಗಿದ್ವು" ಎಂದಳು. ಮತ್ತೆ ಕೇಳಲಿಲ್ಲ.

ಅವಳ ಕೈಗೆ ಸುಮ್ಮನಿದ್ದು ಗೊತ್ತಿರಲಿಲ್ಲ. ನಮ್ಮ ಕೇಂದ್ರಕ್ಕೆ ಬರುವ ಅಕ್ಕಿಯಲ್ಲಿ ಕಲ್ಲು, ಹೊಟ್ಟು, ಕೆಲವೊಮ್ಮೆ ದಾರದ ತುಂಡು. ಬಂದ ಮೂರನೇ ದಿನಕ್ಕೇ ಅವಳು ಮೊರ ಹಿಡಿದು ಕೂತಳು. ಎಲ್ಲರೂ ಕಣ್ಣಿನಿಂದ ಅಕ್ಕಿ ಹಸನು ಮಾಡಿದರೆ ಅವಳು ಬೆರಳಿನಿಂದ ಮಾಡುತ್ತಿದ್ದಳು. ನನ್ನ ಜೊತೆ ಮಾತಾಡುತ್ತಲೇ, ಮುಖ ನನ್ನ ಕಡೆಗೇ ಇಟ್ಟು, ಕಲ್ಲುಗಳನ್ನು ಒಂದು ಕಡೆ ಸರಿಸುತ್ತಿದ್ದಳು. ಅನ್ನದಲ್ಲಿ ಕಲ್ಲು ಸಿಗುವುದು ನಿಂತೇಹೋಯಿತು. ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಆ ಕಟ್ಟಡದಲ್ಲಿ ಉಳಿಯುತ್ತಿದ್ದುದು ನಾವಿಬ್ಬರೇ. ನಾನು ರಿಜಿಸ್ಟರ್ ಬರೆಯುತ್ತಿದ್ದೆ, ಅವಳು ಮೊರ ಆಡಿಸುತ್ತಿದ್ದಳು. "ಮೇಡಮ್ಮ, ಉಂಡಿಯೇನು?" ಎಂದು ಕೇಳುತ್ತಿದ್ದಳು. ಆ ಮಾತನ್ನು ನನಗೆ ಯಾರಾದರೂ ಕೇಳಿ ಬಹಳ ವರ್ಷವಾಗಿತ್ತು. ಬೇಕೆಂದೇ, "ಇಲ್ಲಬೇ" ಎಂದು ಸುಳ್ಳು ಹೇಳುತ್ತಿದ್ದೆ. ಅವಳು ಬೈಯಲಿ ಎಂದು.

ನನ್ನ ಬಗ್ಗೆಯೂ ಇಲ್ಲಿ ಹೇಳಬೇಕು. ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದ ಅತ್ತೆಯನ್ನು ಏಳು ವರ್ಷ ನೋಡಿಕೊಂಡೆ. ತೊಳೆದೆ, ಉಣಿಸಿದೆ, ಬೈಸಿಕೊಂಡೆ. ಆಕೆ ಹೋದ ಮೇಲೆ ಮೈದುನಂದಿರು ಮನೆ ಮಾರಿದರು. ನಾನು ಈ ಒಂದೂವರೆ ಕೋಣೆಯ ಬಾಡಿಗೆ ಮನೆಗೆ ಬಂದೆ. ಬಂದ ದಿನ ಬಾಗಿಲು ಹಾಕಿಕೊಂಡು, ಯಾರ ಕೆಮ್ಮೂ ಇಲ್ಲದ ಮನೆಯಲ್ಲಿ ಕೂತು, ಹಬ್ಬದಂತೆ ಚಹಾ ಕುಡಿದೆ. ಆ ಹಬ್ಬ ಎಷ್ಟು ದಿನ ಇರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಈಗ ಹೇಳಬಲ್ಲೆ, ಒಂದು ವರ್ಷವೂ ಇರಲಿಲ್ಲ.

ಅಜ್ಜಿಗೆ ವೃದ್ಧಾಪ್ಯ ವೇತನ ಮಾಡಿಸಬೇಕೆಂದು ನನಗೆ ಹೊಳೆದದ್ದು ಮಳೆಗಾಲದಲ್ಲಿ. ಅವಳ ಆಧಾರ್ ಕಾರ್ಡಿನಲ್ಲಿ ವಡ್ಡುವಿನ ವಿಳಾಸವಿತ್ತು. ಆ ಮನೆಯೂ ಇಲ್ಲ, ಅಲ್ಲಿ ಅವಳನ್ನು ಗುರುತಿಸುವವರೂ ಇಲ್ಲ. ಇಲ್ಲಿ ಅರ್ಜಿ ಹಾಕಬೇಕಾದರೆ ಇಲ್ಲಿನ ವಿಳಾಸ ಬೇಕು. ಆಶ್ರಯ ಕೇಂದ್ರದ್ದೇ ಹಾಕಿಸೋಣವೆಂದು ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ನಮ್ಮ ಪತ್ರವನ್ನು ತಿರುಗಿಸಿ ನೋಡಿದಳು. ನಮ್ಮ ಸಂಸ್ಥೆಯ ಗುತ್ತಿಗೆ ಮುಗಿದು, ನವೀಕರಣದ ಕಡತ ನಗರಸಭೆಯಲ್ಲಿ ಯಾವುದೋ ಮೇಜಿನ ಮೇಲಿತ್ತು. ಅಲ್ಲಿಯವರೆಗೆ ನಮ್ಮ ಮೊಹರಿಗೆ ಬೆಲೆ ಇರಲಿಲ್ಲ.

"ಮೊಹರು ನಡೆಯಂಗಿಲ್ರಿ ಅಕ್ಕ. ಬ್ಯಾರೆ ವಿಳಾಸ ಐತೇನ್ರಿ?" ಎಂದಳು.

ಹಿಂದೆ ಸಾಲು ಬೆಳೆದಿತ್ತು. ಅಜ್ಜಿ ನನ್ನ ಮುಖ ನೋಡುತ್ತಿದ್ದಳು. ಆ ದಿನ ಅವಳು ಕೂದಲಿಗೆ ಎಣ್ಣೆ ಹಚ್ಚಿ, ಮಾಸದ ಸೀರೆ ಉಟ್ಟು ಬಂದಿದ್ದಳು. ಫೋಟೋ ತೆಗೆಯುತ್ತಾರೆಂದು. ವಾಪಸ್ ಕರೆದುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ.

"ನಮ್ಮ ಮನಿದು ಹಾಕ್ರಿ" ಎಂದೆ.

ನಮ್ಮ ವಾರ್ಡಿನ ಸದಸ್ಯರಿಂದ ಪತ್ರ ತಂದೆ, ಮನೆ ಮಾಲೀಕರ ಕೈಕಾಲು ಹಿಡಿದು ಒಪ್ಪಿಸಿದೆ. ಹೊಸ ಕಾರ್ಡು ಅಂಚೆಯಲ್ಲಿ ನನ್ನ ಮನೆಗೇ ಬಂತು. ಮರುದಿನ ಕೇಂದ್ರಕ್ಕೆ ಒಯ್ದು ಕೊಟ್ಟೆ. ಅವಳಿಗೆ ಓದಲು ಬಾರದು. ನನ್ನಿಂದ ಓದಿಸಿದಳು. ಮನೆ ನಂಬರು, ಓಣಿ, ವಾರ್ಡು, ಹೊಸಪೇಟೆ, ಪಿನ್ ಕೋಡ್. "ಇನ್ನೊಮ್ಮೆ ಓದು" ಎಂದಳು. ಮೂರು ಸಲ ಓದಿದ ಮೇಲೆ ಅದನ್ನು ಎಲೆಯಡಿಕೆ ಸಂಚಿಯಲ್ಲಿ, ಸುಣ್ಣ ತಾಗದ ಕಡೆ ಇಟ್ಟುಕೊಂಡಳು. ಸಂಜೆ ಕೆಲಸದಿಂದ ಬಂದ ಹೆಂಗಸರಿಗೆಲ್ಲ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ, ಮನೆ ನಂಬರು, ಓಣಿ, ವಾರ್ಡು ಎಂದು ಹೇಳಿ ತೋರಿಸಿದಳಂತೆ. ಅವರು, "ಮತ್ತ ಹೋಗ್ಬೇ ನಿನ್ನ ಮನಿಗೆ, ಇಲ್ಯಾಕ ಬಿದ್ದೀ?" ಎಂದು ಚೇಷ್ಟೆ ಮಾಡಿದರಂತೆ. "ಹೋಗ್ತೀನಿ ಬಿಡ್ರಿ, ಅವಸರೇನೈತಿ" ಎಂದಳಂತೆ.

ಅದೇ ವಾರ ವೇತನಕ್ಕೆ ಅರ್ಜಿಯನ್ನೂ ಹಾಕಿಸಿದೆ. ನನಗೂ ಖುಷಿಯಾಗಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದ್ದೆ. ಆ ಖುಷಿಯಲ್ಲಿ ತಲೆ ಓಡಲಿಲ್ಲ. ವರ್ಷಗಟ್ಟಲೆ ನಾನೇ ಬರೆದ ರಿಜಿಸ್ಟರಿನ ಮೊದಲ ಹಾಳೆಯಲ್ಲೇ ಇತ್ತು, 'ಇದೇ ಊರಿನಲ್ಲಿ ವಾಸಸ್ಥಳ ಇರುವವರಿಗೆ ಪ್ರವೇಶವಿಲ್ಲ' ಎಂದು. ಮನೆ ಇಲ್ಲದವಳಿಗೆ ನಾನು ವಿಳಾಸ ಕೊಟ್ಟಿದ್ದೆ. ವಿಳಾಸ ಬಂದ ಮೇಲೆ ಅವಳಿಗೆ ಮಂಚದ ಹಕ್ಕು ಹೋಗುತ್ತದೆ ಎಂಬುದು ಹೊಳೆಯಲೇ ಇಲ್ಲ.

ಚಳಿ ಶುರುವಾಗುವ ಹೊತ್ತಿಗೆ ಉಸ್ತುವಾರಿಗೆ ಹೊಸ ಅಧಿಕಾರಿ ಬಂದರು. ವಯಸ್ಸು ಕಡಿಮೆ, ಮೃದು ಮಾತು. ಬೇರೆ ಯಾವುದೋ ಊರಿನ ಕೇಂದ್ರದಲ್ಲಿ ಮಂಚಗಳಿಗಿಂತ ಹೆಸರುಗಳೇ ಹೆಚ್ಚಿದ್ದವಂತೆ. ಹಾಗಾಗಿ ಈ ಸಲ ಎಲ್ಲರ ಆಧಾರ್ ನೋಡಿ ಪಟ್ಟಿಗೆ ತಾಳೆ ಹಾಕಬೇಕೆಂದು ಆದೇಶ. ಎರಡು ಕಂತು ಬಾಕಿ ಇತ್ತು. ನನಗೆ ಸಂಬಳ ಬಂದು ಐದು ತಿಂಗಳಾಗಿತ್ತು. ಅಡುಗೆಯವಳು ನಾಳೆಯಿಂದ ಬರುವುದಿಲ್ಲ ಎಂದು ದಿನಾ ಹೇಳಿ ದಿನಾ ಬರುತ್ತಿದ್ದಳು.

ನಾವು ಎಂದಿನಂತೆ ಚಾದರ ಹಾಸಿದೆವು. ಎಲ್ಲರೂ ಕೂಲಿ ಬಿಟ್ಟು ಕೂತರು. ಅಧಿಕಾರಿ ಕೆಳಗಿನ ಕೋಣೆ ಮುಗಿಸಿ ಮೇಲೆ ಬಂದರು. ಒಬ್ಬೊಬ್ಬರ ಕಾರ್ಡನ್ನೂ ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತ ಕಿಟಕಿಯ ಪಕ್ಕದ ಮಂಚಕ್ಕೆ ಬಂದರು. ಅಜ್ಜಿ ಸಂಚಿ ಬಿಚ್ಚಿ, ಕಾರ್ಡನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಕೊಡುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನನಗೆ ಈಗಲೂ ಕಾಣುತ್ತದೆ.

ಅವರು ಓದಿದರು. ಆಮೇಲೆ ಕಡತದಲ್ಲಿ ನನ್ನ ನೇಮಕಾತಿ ಪತ್ರ ತೆಗೆದು ನೋಡಿದರು. ಮತ್ತೆ ಕಾರ್ಡು ನೋಡಿದರು.

"ಮೇಡಂ, ಇದು ನಿಮ್ಮ ಮನಿ ವಿಳಾಸ ಅಲ್ರಿ?"

"ಹೌದ್ರಿ ಸರ್."

"ಇವರು ನಿಮಗೇನಾಗಬೇಕ್ರಿ?"

ಅಜ್ಜಿ ನನ್ನ ಕಡೆ ನೋಡುತ್ತಿದ್ದಳು. ಹೆದರಿಕೊಂಡೇನೂ ಅಲ್ಲ, ನಾನು ಏನು ಹೇಳುತ್ತೇನೋ ಕೇಳೋಣ ಎಂಬಂತೆ. ನನ್ನ ತಲೆಯಲ್ಲಿ ಓಡಿದ್ದು ಒಂದೇ. ಸಂಬಂಧಿಕಳು ಎಂದರೆ, ನನ್ನವರನ್ನೇ ಮಂಚಕ್ಕೆ ಹಾಕಿ ಅನುದಾನ ತಿನ್ನುತ್ತಿದ್ದೇನೆ ಎಂದಾಗುತ್ತದೆ. ಕೆಲಸ ಹೋಗುತ್ತದೆ, ಕಂತು ನಿಲ್ಲುತ್ತದೆ, ಎಲ್ಲರೂ ಬೀದಿಗೆ.

"ಏನೂ ಆಗಬೇಕಿಲ್ರಿ ಸರ್" ಎಂದೆ. ಅಷ್ಟು ಸಾಲದೆಂಬಂತೆ, "ಯಾರೂ ಅಲ್ಲ" ಎಂದೂ ಸೇರಿಸಿದೆ.

ಮೊದಲನೆಯ ಮಾತು ಬೇಕಿತ್ತೇನೋ. ಎರಡನೆಯದು ಬೇಕಿರಲಿಲ್ಲ. ಅದು ಯಾಕೆ ಬಾಯಿಗೆ ಬಂತು ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ.

ಅವರು ನನ್ನನ್ನು ಮೆಟ್ಟಿಲ ಬಳಿ ಕರೆದರು. ಕೆಟ್ಟ ಮನುಷ್ಯರಲ್ಲ. ಇದನ್ನು ಹೀಗೇ ಬರೆದರೆ ನೀವು ಸುಳ್ಳು ವಿಳಾಸ ಕೊಟ್ಟಿದ್ದೀರಿ ಎಂದಾಗುತ್ತದೆ, ಬರೆಯದೆ ಬಿಟ್ಟರೆ ಊರಿನಲ್ಲಿ ವಿಳಾಸ ಇರುವವರನ್ನು ಪಟ್ಟಿಯಲ್ಲಿ ಇಟ್ಟಿದ್ದೀರಿ ಎಂದು ಮೇಲಿನವರು ಕೇಳುತ್ತಾರೆ ಎಂದರು. "ಹೆಸರು ನೀವ ತೆಗದುಬಿಡ್ರಿ. ನಾ ಏನೂ ಬರಿಯಂಗಿಲ್ಲ. ಉಳಿದವರ ಕಂತು ನಿಲ್ಲೋದು ಬ್ಯಾಡ" ಎಂದರು. ಅಜ್ಜಿಯ ವಿಳಾಸವನ್ನು ಮತ್ತೆ ಬದಲಿಸಿ, ಹೊಸದಾಗಿ ಅರ್ಜಿ ಕೊಟ್ಟರೆ ಸೇರಿಸಿಕೊಳ್ಳಬಹುದು ಎಂದೂ ಹೇಳಿದರು. ಅದಕ್ಕೆ ನಮ್ಮ ಮೊಹರು ಬೇಕು. ಮೊಹರಿಗೆ ನವೀಕರಣವಾಗಬೇಕು. ನವೀಕರಣದ ಕಡತ ಇನ್ನೂ ಅದೇ ಮೇಜಿನ ಮೇಲಿತ್ತು.

ನಾನೇ ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಸ್ಕೇಲ್ ಇಟ್ಟು ನೀಟಾಗಿ ಎಳೆದೆ, ರಿಜಿಸ್ಟರ್ ಚೊಕ್ಕಟವಾಗಿರಬೇಕೆಂಬ ಅಭ್ಯಾಸ. ಪಕ್ಕದಲ್ಲಿ ಸಹಿ ಮಾಡಿದೆ.

ಸಮಿತಿ ಹೋದ ಮೇಲೆ ಹೆಂಗಸರು ಚಾದರ ಮಡಿಚಿದರು. ಅಜ್ಜಿ ತನ್ನ ಮಂಚದ್ದನ್ನೂ ಮಡಿಚಿ ಕೊಟ್ಟಳು. ಆಮೇಲೆ ಮೊರ ತಂದು ನನ್ನ ಮೇಜಿನ ಪಕ್ಕ ಕೂತಳು. ನಾನು ವಿಷಯ ಹೇಳಿದೆ. ಹೆಸರು ತೆಗೆಯಬೇಕಾಯಿತು, ಎರಡು ತಿಂಗಳು ತಡಿ, ಎಲ್ಲ ಸರಿ ಮಾಡುತ್ತೇನೆ, ಅಲ್ಲಿಯವರೆಗೆ ಎಲ್ಲಾದರೂ ವ್ಯವಸ್ಥೆ ಮಾಡೋಣ ಎಂದೆ. ಅವಳು ಕಲ್ಲು ಸರಿಸುತ್ತಲೇ ಕೇಳಿಸಿಕೊಂಡಳು.

"ಆತು ಬಿಡವ್ವ. ಯಾಕ ಇಷ್ಟು ಒದ್ದಾಡ್ತಿ? ವಿಳಾಸ ಐತಲ್ಲ ನನಗ, ಅಲ್ಲಿಗೇ ಹೋಗ್ತೀನಿ" ಎಂದು ನಕ್ಕಳು.

ಚೇಷ್ಟೆಯೋ, ನಿಜವೋ, ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಪ್ರಯತ್ನವನ್ನೂ ಮಾಡಲಿಲ್ಲ. ಬಾ ಎನ್ನಲು ಎಷ್ಟು ಹೊತ್ತು ಬೇಕು? ಒಂದೇ ಅಕ್ಷರ. ನನಗೆ ಭಯವಾಯಿತು. ಅತ್ತೆಯ ಕೋಣೆಯ ವಾಸನೆ ಮೂಗಿಗೆ ಬಂದಂತಾಯಿತು. ಮತ್ತೆ ಏಳು ವರ್ಷ, ಮತ್ತೆ ಕೆಮ್ಮು, ಮತ್ತೆ ಬಟ್ಟೆ ಒಗೆಯುವುದು. ನಾನು ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನೋ ಹುಡುಕುವವಳಂತೆ ಹಾಳೆ ತಿರುವಿದೆ. ಅವಳು ಮೊರದ ಅಕ್ಕಿ ಮುಗಿಸಿ, ಡಬ್ಬಿಗೆ ಸುರಿದು, ಮೊರವನ್ನು ಗೋಡೆಗೆ ಒರಗಿಸಿಟ್ಟಳು. "ಉಂಡಿಯೇನು?" ಎಂದು ಆ ದಿನ ಕೇಳಲಿಲ್ಲ.

ಮರುದಿನ ನಾನು ಹೋಗುವಷ್ಟರಲ್ಲಿ ಅವಳಿರಲಿಲ್ಲ. ಮಂಚದ ಮೇಲೆ ಕೇಂದ್ರದ ಕಂಬಳಿ, ತಟ್ಟೆ, ಲೋಟ ಎಲ್ಲ ಒಪ್ಪವಾಗಿ ಇಟ್ಟಿದ್ದಳು. ಕಂಪ್ಲಿ ಬಸ್ಸಿಗೆ ಹತ್ತಿದಳು ಎಂದು ಬಸ್ ಸ್ಟ್ಯಾಂಡಿನ ಕಸ ಗುಡಿಸುವ ಹೆಂಗಸು ಹೇಳಿದಳು. ಕಂತು ಬಂತು. ಸಂಬಳ ಬಂತು. ಅಡುಗೆಯವಳು ಬಿಡದೆ ಉಳಿದಳು. ಎರಡೇ ವಾರಕ್ಕೆ ಅನ್ನದಲ್ಲಿ ಕಲ್ಲು ಸಿಗತೊಡಗಿದವು. ಕೆಳಗಿನ ಗಂಡಸರು, "ಆ ಅಜ್ಜಿ ಎಲ್ಲಿ ಹೋದ್ಲ್ರಿ ಮೇಡಂ?" ಎಂದು ಕೇಳಿದಾಗ ಹಲ್ಲಿನ ನಡುವೆ ಕಲ್ಲು ಕಟಕ್ಕೆಂದಂತೆ ಆಗುತ್ತಿತ್ತು ನನಗೆ.

ನವೀಕರಣಕ್ಕಾಗಿ ನಗರಸಭೆಗೆ ಅಲೆದೆ. ಇಷ್ಟು ವರ್ಷ ಇಲ್ಲದ ಹುಮ್ಮಸ್ಸು ಎಲ್ಲಿಂದ ಬಂತೋ. ದಿನಾ ಸಂಜೆ ನಾಲ್ಕಕ್ಕೆ ಹೋಗಿ ಆ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಗುಮಾಸ್ತರು ನನ್ನನ್ನು ಕಂಡರೆ, "ಬಂದ್ರಪ್ಪ ಮನಿ ಇಲ್ಲದ ಮೇಡಂ" ಎನ್ನುತ್ತಿದ್ದರು. ಒಂದು ದಿನ ಕಡತ ಹೊರಟಿತು, ಇನ್ನೊಂದು ದಿನ ರುಜುವಾಗಿ ಬಂತು. ಮೊಹರಿಗೆ ಬೆಲೆ ಬಂತು. ಅದನ್ನು ಒತ್ತಿಸಿಕೊಳ್ಳುವವಳು ಇರಲಿಲ್ಲ.

ವಾರದ ದಿನ ಊರು ಬಿಟ್ಟು ಹೋಗುವಂತಿಲ್ಲ. ಭಾನುವಾರ ಮಾತ್ರ ನನಗೆ ರಜೆ. ಭಾನುವಾರಗಳಲ್ಲಿ ಹುಡುಕತೊಡಗಿದೆ. ಮೊದಲು ಹಂಪಿಗೆ ಹೋದೆ. ಅವಳಿದ್ದ ಖಾನಾವಳಿಯ ಜಾಗದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದರು. ಆಮೇಲೆ ಕಂಪ್ಲಿ. ಬಸ್ಸಿಳಿದು, ಎಲೆಯಡಿಕೆ ಅಂಗಡಿಯವರನ್ನು ಕೇಳಿದೆ, ಅವಳು ಎಲೆಯಿಲ್ಲದೆ ಇರಲಾರಳೆಂದು. ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ. ಗುರುತು ಹೇಳೋಣವೆಂದರೆ, ಬಾಗಿದ ಬೆನ್ನು, ನರೆತ ಕೂದಲು, ಸಿಮೆಂಟ್ ಚೀಲ. ಅಂಥ ಅಜ್ಜಿಯರು ಎಷ್ಟು ಜನ! "ನಿಮಗೇನಾಗಬೇಕ್ರಿ?" ಎಂದು ಅವರೂ ಕೇಳುತ್ತಿದ್ದರು. ನಾನು ಮುಂದಿನ ಅಂಗಡಿಗೆ ಹೋಗುತ್ತಿದ್ದೆ.

ಮುಂದಿನ ಭಾನುವಾರ ಕಂಪ್ಲಿಯಿಂದ ಆಟೊ ಹತ್ತಿ ಎಮ್ಮಿಗನೂರಿಗೆ ಹೋದೆ. ಗದ್ದೆಗಳಲ್ಲಿ ಬೇಸಿಗೆ ಬೆಳೆಯ ನಾಟಿ ನಡೆದಿತ್ತು. ಬದುವಿನ ಮೇಲೆ ನಿಂತು, ಬಾಗಿ ನೆಡುತ್ತಿದ್ದ ಹೆಂಗಸರ ಸಾಲನ್ನು ನೋಡಿದೆ. ಬಾಗಿದಾಗ ಎಲ್ಲರ ಬೆನ್ನೂ ಒಂದೇ ಥರ. ಒಬ್ಬಾಕೆ ತಲೆಯೆತ್ತಿ, "ಯಾರ್ ಬೇಕಿತ್ರಿ ಅಕ್ಕಾರ?" ಎಂದಳು. ಹೇಳಿದೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅಂಥಾಕಿ ಒಬ್ಬಳು ಸ್ವಲ್ಪ ದಿನದ ಹಿಂದೆ ಬಂದಿದ್ದಳು, ನೀರಲ್ಲಿ ನಿಲ್ಲಲಾಗದೆ ಹೋದಳು ಎಂದರು. ಎಲ್ಲಿಗೆ? "ಹೊಸಪೇಟಿಗೇ ಹೊಕ್ಕೀನಿ, ನಮ್ಮ ಮನಿ ಐತಿ ಅಲ್ಲಿ ಅಂತಿದ್ಲ್ರಿ." ನಾನು ಬದುವಿನ ಮೇಲೆಯೇ ಕೂತುಬಿಟ್ಟೆ. ಅವರು ಕುಡಿಯಲು ನೀರು ಕೊಟ್ಟರು.

ಆ ದಿನ ಸಂಜೆ ಬಸ್ಸಿನಲ್ಲಿ ಬರುವಾಗ, ಅವಳು ಕೇಂದ್ರಕ್ಕೆ ಬಂದಿರುತ್ತಾಳೆ ಎಂದುಕೊಂಡೆ. ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೂ ಇಲ್ಲ, ರೈಲು ನಿಲ್ದಾಣದಲ್ಲೂ ಇಲ್ಲ. ನಮ್ಮ ಮನೆಯ ಬಾಗಿಲು ಹೇಗೆ ಬೀಗ ಹಾಕಿ ಹೋಗಿದ್ದೆನೋ ಹಾಗೇ ಇತ್ತು. ಪಕ್ಕದ ಮನೆಯಲ್ಲಿ ಕೇಳೋಣವೆಂದು ಮರುದಿನ ಬೆಳಿಗ್ಗೆ ಹೋದರೆ ಅವರ ಬಾಗಿಲಿಗೂ ಬೀಗ. ಮಗಳ ಹೆರಿಗೆಗೆಂದು ಆ ಮನೆಯಾಕೆ ಮುಂಜಾನೆಯೇ ಬಳ್ಳಾರಿಗೆ ಹೋಗಿದ್ದರು. ಅವರ ಫೋನ್ ನಂಬರು ನನ್ನ ಹತ್ತಿರವಿರಲಿಲ್ಲ. ನಾಲ್ಕು ವರ್ಷದಿಂದ ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದೇವೆ. ನಂಬರು ಕೇಳುವಷ್ಟು ಮಾತೂ ನಾನು ಯಾರ ಜೊತೆಗೂ ಇಟ್ಟುಕೊಂಡಿರಲಿಲ್ಲ.

ವೃದ್ಧಾಪ್ಯ ವೇತನ ಮಂಜೂರಾದ ಆದೇಶ ಬಂದದ್ದು ಅದಾದ ಮೇಲೆ. ಲಕೋಟೆಯ ಮೇಲೆ ಅವಳ ಹೆಸರು, ಕೆಳಗೆ ನನ್ನ ಮನೆ ನಂಬರು, ಓಣಿ, ವಾರ್ಡು. ಒಡೆಯಲಿಲ್ಲ. ದೇವರ ಗೂಡಿನ ಪಕ್ಕ ಒರಗಿಸಿಟ್ಟೆ. ಆಮೇಲೆ ಇನ್ನೂ ಒಂದು ಬಂತು. ಮನೆಗೆ ಬಂದರೆ ಕಣ್ಣಿಗೆ ಬೀಳುವುದು ಅವೇ. ಮೊದಲು ಬರೀ ಒಂಟಿಯಾಗಿದ್ದೆ. ಆ ಲಕೋಟೆಗಳು ಬಂದ ಮೇಲೆ ಮನೆಯಲ್ಲಿ ಯಾರೋ ಇರಬೇಕಿತ್ತು, ಇಲ್ಲ ಎಂದು ಅನಿಸತೊಡಗಿತು. ಎರಡಕ್ಕೂ ಬಹಳ ಅಂತರವಿದೆ.

ಪಕ್ಕದ ಮನೆಯವರು ಬಾಣಂತಿತನ ಮುಗಿಸಿ ಮೂರು ತಿಂಗಳಾದ ಮೇಲೆ ಬಂದರು. ಮೊಮ್ಮಗನ ಹೆಸರಿನಲ್ಲಿ ಒಂದು ಬಟ್ಟಲು ಅಂಟಿನುಂಡೆ ತಂದುಕೊಟ್ಟರು. ಹೊಸ್ತಿಲ ಹತ್ತಿರ ನಿಂತು, ಮಗುವಿನ ಬಣ್ಣ, ಮೂಗು, ಅಳು ಎಲ್ಲ ಹೇಳಿದ ಮೇಲೆ, ಮರೆತಿದ್ದನ್ನು ನೆನಪಿಸಿಕೊಂಡವರಂತೆ, "ಅಂದಂಗ, ನಾ ಬಳ್ಳಾರಿಗೆ ಹೋಗೋ ಹಿಂದಿನ ದಿನ ನಿಮ್ಮ ಮನಿಗೆ ಒಬ್ಬ ಅಜ್ಜಿ ಬಂದಿದ್ಲು ನೋಡ್ರಿ" ಎಂದರು.

ನನ್ನ ಕೈಯಲ್ಲಿ ಬಟ್ಟಲು ಹಾಗೇ ಇತ್ತು.

"ಭಾನುವಾರ ಆಫೀಸ್ ಇರಂಗಿಲ್ಲ, ಮೇಡಮ್ಮ ಮನ್ಯಾಗ ಇರ್ತಾಳ ಅಂತ ಬಂದೀನಿ ಅಂದ್ಲ್ರಿ. ಬೀಗ ಐತಲ್ಲ, ಈಕಿ ಒಬ್ಬಾಕಿನ ಇರೋದು, ಎಲ್ಲಿಗೋ ಹೋಗ್ಯಾಳ ಅಂದೆ. ಒಬ್ಬಾಕಿ ಅಲ್ಲವ್ವ, ಇಬ್ಬರದೀವಿ, ನೋಡು ಅಂತ ಸಂಚಿಯೊಳಗಿಂದ ಕಾರ್ಡ್ ತೆಗದು ತೋರ್ಸಿದ್ಲು. ಭಾಳ ಹೊತ್ತು ನಿಮ್ಮ ಕಟ್ಟಿ ಮ್ಯಾಲ ಕುಂತಿದ್ಲು. ನಾ ಅಕ್ಕಿ ಹಸನು ಮಾಡಾಕ ಹತ್ತಿದ್ದೆ. ಇಲ್ಲಿ ತಾ ಅಂತ ಮೊರ ಕಸಕೊಂಡು ಮಾಡಿಕೊಟ್ಲ್ರಿ. ಒಂದು ಕಲ್ಲಿಲ್ಲ. ಚಾ ಕುಡದ್ಲು. ಮಧ್ಯಾಹ್ನದ ಮ್ಯಾಲ ಎದ್ದು ಹೋದ್ಲು."

"ಏನಾರ ಹೇಳಿದ್ಲೇನ್ರಿ?"

"ಏನಿಲ್ರಿ. ಕಾಯೋದೈತೇನಬೇ ಅಂತ ಕೇಳಿದೆ. ಇಲ್ಲವ್ವ, ವಿಳಾಸ ನೋಡಾಕ ಬಂದಿದ್ದೆ, ನೋಡಿದೆ ಅಂದ್ಲು."

ಆ ಭಾನುವಾರ ನಾನು ಎಮ್ಮಿಗನೂರಿನ ಗದ್ದೆಯ ಬದುವಿನ ಮೇಲಿದ್ದೆ. ಅವಳನ್ನು ಹುಡುಕಿಕೊಂಡು. ಅವಳು ನನ್ನ ಕಟ್ಟೆಯ ಮೇಲೆ, ನನ್ನ ಬೀಗದ ಮುಂದೆ ಕೂತಿದ್ದಳು. ಕೇಂದ್ರಕ್ಕೆ ಬರಬಹುದಿತ್ತು. ಬರಲಿಲ್ಲ. ಅಲ್ಲಿ ಎಲ್ಲರ ಮುಂದೆ ಯಾರೂ ಅಲ್ಲ ಎಂದಿದ್ದೆನಲ್ಲ. ಮನೆಯ ಹತ್ತಿರ ಬಂದು ಇನ್ನೊಂದು ಸಲ ಕೇಳೋಣವೆಂದು ಬಂದಿದ್ದಳು.

ಪಕ್ಕದ ಮನೆಯಾಕೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಏನೋ ಗೊತ್ತಾದಂತಿತ್ತು.

"ನಾನೂ ಕೇಳಿದ್ದೆರಿ, ಈಕಿಗೆ ನೀ ಏನಾಗಬೇಕಬೇ ಅಂತ. ಅದನ್ನ ಆಕಿನ್ನ ಕೇಳವ್ವ ಅಂದ್ಲು" ಎಂದರು. ಆಮೇಲೆ, "ಏನಾಗಬೇಕ್ರಿ ನಿಮಗ?" ಎಂದು ಕೇಳಿದರು.

ಬಟ್ಟಲು ಕೆಳಗಿಟ್ಟು ಹೇಳಿದೆ.

"ನಮ್ಮ ಮನಿಯಾಕಿ ಅದಾಳ್ರಿ."

ಅವರು ತಲೆಯಾಡಿಸಿದರು. ಒಳಗೆ ಹೋಗಿ ತಮ್ಮ ಫೋನ್ ನಂಬರು ಬರೆದ ಚೀಟಿ ತಂದುಕೊಟ್ಟರು.

ಈಗ ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆಯೇ ಬಾಗಿಲು ತೆರೆದು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತೇನೆ. ನನಗೆ ಅವಳಂತೆ ಬೆರಳಿನಿಂದ ಬರುವುದಿಲ್ಲ, ಕಣ್ಣಿಟ್ಟು ಆರಿಸಬೇಕು. ಹಾಗಾಗಿ ಓಣಿಯ ಕಡೆ ನೋಡುವುದು, ಅಕ್ಕಿಯ ಕಡೆ ನೋಡುವುದು, ಎರಡೂ ಒಟ್ಟಿಗೆ ಆಗುವುದಿಲ್ಲ. ಊಟಕ್ಕೆ ಕೂತರೆ ಕಲ್ಲು ಸಿಕ್ಕೇ ಸಿಗುತ್ತದೆ.